ಪ್ರಿಂಟ್‌ಎಫ್ ಸಾಕು, ಸ್ವಲ್ಪ ಕಾವಲೂ ಹಾಕೋಣ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮೂರು ಜನರ ಟೀಮ್ ಹತ್ತಿರ ಹತ್ತಿರ ಒಂದು ವಾರ ಮಾತು ಬಿಟ್ಟಿತ್ತು. ಕಾರಣ ಒಂದು ಇಂಟಿಜರ್ ವೇರಿಯಬಲ್.

ಮಿನಿ ಪ್ರಾಜೆಕ್ಟ್ ಸಿಂಪಲ್ಲಾಗಿತ್ತು. ವೈಟ್‌ಫೀಲ್ಡ್ ಕಡೆ ಮಾಲ್‌ಗಳ ಮುಂದೆ ಪಾರ್ಕಿಂಗ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ ತೋರಿಸುವ ಬೋರ್ಡ್ ಇರುತ್ತಲ್ಲ, ಅದರದ್ದೇ ಸಿಮ್ಯುಲೇಷನ್. ಸಿ ಭಾಷೆ, ಪಿಥ್ರೆಡ್. ಒಟ್ಟು 60 ಜಾಗ. ಒಳಗೆ ಬರುವ ಗೇಟಿಗೆ ಎರಡು ಥ್ರೆಡ್, ಹೊರಗೆ ಹೋಗುವ ಗೇಟಿಗೆ ಎರಡು, ಕೊನೆಗೆ ಬಂದ ಗಾಡಿಯ ನಂಬರ್ ಬರೆದಿಡುವ ಲಾಗ್ ಥ್ರೆಡ್ ಒಂದು. ಒಳಗಿನ ಗೇಟು ಮತ್ತು ಲಾಗ್ ನಂದು. ಹೊರಗಿನ ಗೇಟು ನನ್ನ ರೂಮ್‌ಮೇಟ್‌ದು. ಬೋರ್ಡ್ ಇನ್ನೊಬ್ಬ ಗೆಳತಿಯದು.

ರನ್ ಮಾಡಿದರೆ ಲೆಕ್ಕ ಕೆಡುತ್ತಿತ್ತು. ಕೆಲವೊಮ್ಮೆ 28 ಇದ್ದದ್ದು ಇದ್ದಕ್ಕಿದ್ದಂತೆ 52. ಇನ್ನು ಕೆಲವೊಮ್ಮೆ ಎಲ್ಲಾ ಗಾಡಿ ಹೊರಗೆ ಹೋದ ಮೇಲೂ ಎರಡು ಮೂರು ಸಂಖ್ಯೆ ಹೆಚ್ಚು ಕಡಿಮೆ. ರೂಮ್‌ಮೇಟ್ ಲಾಕ್ ಹಾಕೋದು ಮರೆಯುವವನು ಅಂತ ನಮ್ಮಿಬ್ಬರಿಗೂ ಗೊತ್ತು. "ಮಗಾ, ನಿನ್ ಥ್ರೆಡ್ದೇ ಪ್ರಾಬ್ಲಂ" ಅಂದೆ. ಅವನು "ಪ್ರೂಫ್ ತೋರ್ಸು" ಅಂದ. ನನ್ನ ಹತ್ತಿರ ಪ್ರೂಫ್ ಇರಲಿಲ್ಲ, ಪ್ರಿಂಟ್‌ಎಫ್ ಇತ್ತು. ಎಲ್ಲಾ ಕಡೆ ಪ್ರಿಂಟ್‌ಎಫ್ ತುಂಬಿದೆವು. ಎರಡನೇ ತಪ್ಪು ಮಾಯವಾಯಿತು! ತೆಗೆದರೆ ಮತ್ತೆ ಬಂತು.

ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಪ್ರಿಂಟ್‌ಎಫ್ ನಿಧಾನ, ಮೇಲಾಗಿ ಅದು ತನ್ನೊಳಗೇ ಔಟ್‌ಪುಟ್‌ಗೆ ಒಂದು ಲಾಕ್ ಹಿಡಿಯುತ್ತೆ. ಅಂದರೆ ಥ್ರೆಡ್‌ಗಳನ್ನು ಅದೇ ಒಂಥರಾ ಸಾಲಾಗಿ ನಿಲ್ಲಿಸಿಬಿಡುತ್ತೆ. ಪೊಲೀಸ್ ನಿಂತಿದ್ದಾಗ ಸಿಲ್ಕ್ ಬೋರ್ಡ್ ಸಿಗ್ನಲ್ ಯಾರೂ ಜಂಪ್ ಮಾಡಲ್ಲ, ಹಾಗೆ.

ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಕ್ಲಬ್ಬಿನ ಹಳೇ ಸೀನಿಯರ್ ಅಕ್ಕ ಒಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ವೇರಿಯಬಲ್‌ಗೆ ಯಾರು ಬರೀತಿದ್ದಾರೆ ಅಂತ ನೋಡಿದ್ರಾ, ಇಲ್ಲಾ ಊಹೆ ಮಾಡ್ತಿದೀರಾ?"

ಊಹೆಯೇ. ಜಿಡಿಬಿಯಲ್ಲಿ ವಾಚ್ ಅನ್ನೋ ಕಮಾಂಡ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬ್ರೇಕ್‌ಪಾಯಿಂಟ್ ಅಂದರೆ ಕೋಡಿನ ಒಂದು ಸಾಲಿಗೆ ಬಂದಾಗ ನಿಲ್ಲು ಅಂತ. ವಾಚ್‌ಪಾಯಿಂಟ್ ಅಂದರೆ ಈ ಮೆಮೊರಿ ಜಾಗವನ್ನು ಯಾರಾದರೂ ಬದಲಾಯಿಸಿದರೆ ನಿಲ್ಲು ಅಂತ. ಯಾವ ಸಾಲು, ಯಾವ ಥ್ರೆಡ್ ಅನ್ನೋದು ಮೊದಲೇ ಗೊತ್ತಿರಬೇಕಿಲ್ಲ. ಅದನ್ನು ಅದೇ ಹೇಳುತ್ತೆ.

ಖಾಲಿ ಜಾಗದ ವೇರಿಯಬಲ್ ಮೇಲೆ ವಾಚ್ ಹಾಕಿದೆವು. ಸ್ವಲ್ಪ ಹೊತ್ತಿಗೆ ಹಳೇ ಬೆಲೆ 28, ಹೊಸ ಬೆಲೆ 52 ಅಂತ ನಿಂತಿತು. ಬ್ಯಾಕ್‌ಟ್ರೇಸ್ ನೋಡಿದರೆ ಸ್ಟ್ರಿಂಗ್ ಕಾಪಿ ಮಾಡುವ ಫಂಕ್ಷನ್. ಅದನ್ನು ಕರೆದದ್ದು ಲಾಗ್ ಥ್ರೆಡ್. ಅದು ನನ್ನ ಕೋಡು.

ಆಗಿದ್ದು ಇಷ್ಟು. ಸ್ಟ್ರಕ್ಚರ್‌ನಲ್ಲಿ ಗಾಡಿ ನಂಬರಿಗೆ 12 ಬೈಟ್ ಇಟ್ಟಿದ್ದೆ, ಅದರ ಪಕ್ಕದಲ್ಲೇ ಖಾಲಿ ಜಾಗದ ಲೆಕ್ಕ. ಇನ್‌ಪುಟ್ ಫೈಲಿನಲ್ಲಿ ಹೆಚ್ಚಿನ ನಂಬರುಗಳು ಡ್ಯಾಶ್ ಇಲ್ಲದ 10 ಅಕ್ಷರದವು. ಕೆಲವು ಮಾತ್ರ ಕೆಎ-53-ಎಂಬಿ-1234 ಥರ, ಡ್ಯಾಶ್ ಸೇರಿ 13 ಅಕ್ಷರ, ಕೊನೆಯ ಸೊನ್ನೆ ಬೈಟ್ ಸೇರಿ 14. ಹೆಚ್ಚಾದ ಎರಡು ಬೈಟ್ ಪಕ್ಕದ ಮನೆಗೆ ನುಗ್ಗಿದವು. ಕೊನೆಯ ಅಂಕಿ 4, ಅದರ ಆಸ್ಕಿ ಕೋಡ್ 52. ಬೋರ್ಡಿನಲ್ಲಿ ಬಂದಿದ್ದು ಅದೇ. 0ರಿಂದ 9ರವರೆಗಿನ ಆಸ್ಕಿ ಕೋಡ್ 48ರಿಂದ 57. ನಮ್ಮ ಲೆಕ್ಕ ಹಾರುತ್ತಿದ್ದುದು ಯಾವಾಗಲೂ ಆ ಹತ್ತು ಸಂಖ್ಯೆಗಳಿಗೇ. ಇಷ್ಟು ದಿನ ಕಣ್ಣೆದುರೇ ಇತ್ತು, ನಾವು ಜಗಳದಲ್ಲಿ ಬ್ಯುಸಿ.

ಗಮನಿಸಿ, ಇದು ರೇಸ್ ಕಂಡೀಷನ್ನೇ ಅಲ್ಲ. ಐದು ಥ್ರೆಡ್ ಇದ್ದಿದ್ದಕ್ಕೆ ನಾವು ರೇಸ್ ಅಂದುಕೊಂಡೆವು. ಅಡ್ರೆಸ್ ಸ್ಯಾನಿಟೈಜರ್ ಕೂಡ ಒಂದೇ ಸ್ಟ್ರಕ್ಚರ್ ಒಳಗಿನ ಇಂಥ ನುಗ್ಗಾಟವನ್ನು ಸಾಮಾನ್ಯವಾಗಿ ಹಿಡಿಯಲ್ಲ. ವಾಚ್‌ಪಾಯಿಂಟ್ ಹಿಡಿಯಿತು.

ಅದನ್ನು ಸರಿ ಮಾಡಿ ಮತ್ತೆ ವಾಚ್ ಹಾಕಿದಾಗ ಎರಡನೇ ತಪ್ಪೂ ಸಿಕ್ಕಿತು. ಒಳಗಿನ ಗೇಟು 30ನ್ನು 29 ಮಾಡಿತು. ಮರುಕ್ಷಣ ಹೊರಗಿನ ಗೇಟು 29ನ್ನು 31 ಮಾಡಿತು. ಒಂದು ಕೂಡಿಸುವ ಕೋಡು ಎರಡು ಹೇಗೆ ಕೂಡಿಸುತ್ತೆ? ಅದು 30 ಇದ್ದಾಗಲೇ ಓದಿಕೊಂಡು, ನಂತರ ಬರೆದಿತ್ತು. ಹೌದು, ರೂಮ್‌ಮೇಟ್ ಲಾಕ್ ಹಾಕಿರಲಿಲ್ಲ. ನಾನು ಹಾಕಿದ್ದೆ, ಆದರೆ ಒಬ್ಬನೇ ಬೀಗ ಹಾಕಿದರೆ ಆ ಬೀಗಕ್ಕೆ ಅರ್ಥ ಇಲ್ಲ. ಹೀಗೆ ತಪ್ಪು ಇಬ್ಬರದ್ದೂ. ವಾರವಿಡೀ ಬೈಸಿಕೊಂಡವನು ಮಾತ್ರ ಅವನೊಬ್ಬ.

ಅದಕ್ಕೇ ಈ ಲೇಖನ. ನನ್ನ ವಾದ ಇಷ್ಟೇ: ನಮ್ಮ ಓಎಸ್ ಲ್ಯಾಬಿನಲ್ಲಿ ಸೆಮಾಫೋರ್, ಪ್ರೊಡ್ಯೂಸರ್-ಕನ್ಸ್ಯೂಮರ್ ಎಲ್ಲಾ ಬರೆಸುತ್ತಾರೆ, ಔಟ್‌ಪುಟ್ ನೋಡಿ ಸೈನ್ ಹಾಕುತ್ತಾರೆ. ತಪ್ಪಾದಾಗ ಹುಡುಕುವುದು ಹೇಗೆ ಅಂತ ಒಂದು ಗಂಟೆಯೂ ಹೇಳಿಕೊಡಲ್ಲ. ಒಂದೇ ಒಂದು ಲ್ಯಾಬ್ ಕ್ಲಾಸು ಬೇಕೆಂದೇ ತಪ್ಪಿರುವ ಪ್ರೋಗ್ರಾಂ ಕೊಟ್ಟು, "ಯಾವ ಥ್ರೆಡ್ ಬರೆಯಿತು, ಬ್ಯಾಕ್‌ಟ್ರೇಸ್ ಸಮೇತ ರೆಕಾರ್ಡಿನಲ್ಲಿ ತೋರಿಸಿ" ಅಂತ ಕೇಳಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಇದೆ. ನಾವು ಪ್ರತ್ಯಕ್ಷವಾಗಿಯೂ ನೋಡದೆ ತೀರ್ಪು ಕೊಡ್ತೀವಿ.

ವಾಚ್‌ಪಾಯಿಂಟ್ ಎಲ್ಲಕ್ಕೂ ಮದ್ದು ಅಂತ ನಾನು ಹೇಳ್ತಿಲ್ಲ. ಇದರ ಮಿತಿಗಳನ್ನೂ ಆ ಕ್ಲಾಸಿನಲ್ಲೇ ಹೇಳಬೇಕು.

ಒಂದು, 1985ರ 80386ರಿಂದ ಇವತ್ತಿನ ಲ್ಯಾಪ್‌ಟಾಪ್‌ವರೆಗೂ ಎಕ್ಸ್86 ಪ್ರೊಸೆಸರ್‌ನಲ್ಲಿ ಇದಕ್ಕೆ ಇರುವ ವಿಳಾಸದ ರಿಜಿಸ್ಟರ್ ನಾಲ್ಕೇ. ಒಂದೊಂದು ಹೆಚ್ಚೆಂದರೆ 8 ಬೈಟ್ ಕಾಯುತ್ತೆ. ದೊಡ್ಡ ಅರೇ ಪೂರ್ತಿ ಕಾಯೋಕಾಗಲ್ಲ. ಎರಡು, ಹಾರ್ಡ್‌ವೇರ್ ಸಿಗದಿದ್ದರೆ ಜಿಡಿಬಿ ಸಾಫ್ಟ್‌ವೇರ್ ವಾಚ್‌ಪಾಯಿಂಟ್ ಹಾಕುತ್ತೆ. ಅದು ಒಂದೊಂದೇ ಹೆಜ್ಜೆ ನಡೆಸುತ್ತಾ ತುಂಬಾ ನಿಧಾನ, ಮೇಲಾಗಿ ಒಂದು ಥ್ರೆಡ್ಡನ್ನು ಮಾತ್ರ ಸರಿಯಾಗಿ ನೋಡುತ್ತೆ. ಹಾರ್ಡ್‌ವೇರ್‌ನದ್ದು ಎಲ್ಲಾ ಥ್ರೆಡ್‌ಗಳನ್ನೂ ಕಾಯುತ್ತೆ. ಆದ್ದರಿಂದ ವಾಚ್ ಹಾಕಿದಾಗ ಬರುವ ಸಾಲಿನಲ್ಲಿ 'ಹಾರ್ಡ್‌ವೇರ್' ಅನ್ನೋ ಪದ ಇದೆಯಾ ಅಂತ ನೋಡಿ. ಮೂರು, ಬೆಲೆ ಬದಲಾದರೆ ಮಾತ್ರ ವಾಚ್ ನಿಲ್ಲಿಸುತ್ತೆ. ಹೊರಗಿನ ಎರಡೂ ಗೇಟು 30 ಓದಿ ಎರಡೂ 31 ಬರೆದರೆ, ಎರಡನೆಯವನು ಸದ್ದಿಲ್ಲದೆ ಪಾರು. ಎ-ವಾಚ್ ಹಾಕಿದರೆ ಓದಿದ್ದಕ್ಕೂ ಬರೆದಿದ್ದಕ್ಕೂ ನಿಲ್ಲುತ್ತೆ, ಆದರೆ ನಿಂತು ನಿಂತು ಸಾಕಾಗುತ್ತೆ. ಅಂಥ ರೇಸ್ ಹುಡುಕೋಕೆ ಥ್ರೆಡ್ ಸ್ಯಾನಿಟೈಜರ್ ಒಳ್ಳೇದು. ನಾಲ್ಕು, ನಿಲ್ಲಿಸುವುದರಿಂದಲೂ ಟೈಮಿಂಗ್ ಬದಲಾಗುತ್ತೆ. ನಿಂತ ಕೂಡಲೇ ಬ್ಯಾಕ್‌ಟ್ರೇಸ್ ಬರೆದು ತಾನೇ ಮುಂದೆ ಹೋಗುವಂತೆ ಕಮಾಂಡ್ಸ್ ಕೊಟ್ಟರೆ ಸ್ವಲ್ಪ ವಾಸಿ.

ಇರುವುದು ನಾಲ್ಕೇ ಅನ್ನೋದು ಒಂದು ರೀತಿ ಒಳ್ಳೆಯದೇ. ಎಲ್ಲಿ ಕಾವಲು ಹಾಕಬೇಕು ಅಂತ ಯೋಚಿಸಲೇಬೇಕು. ಆ ಮಿತಿಯಲ್ಲೇ ದೊಡ್ಡವರೂ ಕೆಲಸ ಮಾಡಿದ್ದಾರೆ. 2010ರಲ್ಲಿ ಮೈಕ್ರೋಸಾಫ್ಟ್‌ನವರ ಡೇಟಾಕೊಲೈಡರ್ ಇದೇ ಹಾರ್ಡ್‌ವೇರ್ ಉಪಯೋಗಿಸಿ ಕರ್ನಲ್ ಒಳಗಿನ ರೇಸ್‌ಗಳನ್ನು ಹಿಡಿಯಿತು: ಒಂದು ಥ್ರೆಡ್ಡನ್ನು ಸ್ವಲ್ಪ ತಡೆದು ನಿಲ್ಲಿಸಿ, ಅದು ಮುಟ್ಟುವ ಜಾಗಕ್ಕೆ ಕಾವಲು ಹಾಕಿ, ಬೇರೆ ಯಾರು ಬರುತ್ತಾರೆ ಅಂತ ಕಾಯೋದು. 2020ರ ಲಿನಕ್ಸ್ 5.8ರಲ್ಲಿ ಬಂದ ಕೆಸಿಸ್ಯಾನ್ ಅದೇ ಉಪಾಯವನ್ನು ಸಾಫ್ಟ್‌ವೇರ್‌ನಲ್ಲಿ ಮಾಡುತ್ತೆ.

"ಇದೆಲ್ಲಾ ಅಮೆರಿಕದವರ ಕೆಲಸ ಬಿಡು" ಅನ್ನೋರಿಗೆ: ಲಿನಕ್ಸ್ ಕರ್ನಲ್‌ನ ಎಕ್ಸ್86 ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಫೈಲನ್ನು ತೆಗೆದು ನೋಡಿ. ಮೇಲೆಯೇ ಐಬಿಎಂನ ಕೆ. ಪ್ರಸಾದ್ ಅವರ ಹೆಸರಿದೆ. 2004ರಲ್ಲಿ ಕರ್ನಲ್ ಸೇರಿದ ಕೆಪ್ರೋಬ್ಸ್ ಹಿಂದೆ ಐಬಿಎಂ ಇಂಡಿಯಾದ ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಇದ್ದಾರೆ. ಕರ್ನಲ್ ಸೋರ್ಸ್ ಓದುವಾಗ ಮಾವಿನಕಾಯನಹಳ್ಳಿ ಅನ್ನೋ ಹೆಸರು ಕಂಡರೆ ನನಗಂತೂ ಊರಿನ ಬಸ್ ಬೋರ್ಡ್ ಕಂಡಷ್ಟು ಖುಷಿ. ಇಂಟೆಲ್ ಒಂದು ಮಲ್ಟಿಕೋರ್ ಜಿಯಾನ್‌ಗೆ 'ವೈಟ್‌ಫೀಲ್ಡ್' ಅಂತಲೇ ಕೋಡ್ ನೇಮ್ ಇಟ್ಟಿತ್ತು. ಅದು 2005ರಲ್ಲಿ ರದ್ದಾಯಿತು. ಆದರೆ 2008ರಲ್ಲಿ ಬೆಂಗಳೂರಿನ ಟೀಮ್ ಆರು ಕೋರ್‌ನ ಡನಿಂಗ್ಟನ್ ಮಾಡಿ ತೋರಿಸಿತು. ಒಂದಕ್ಕಿಂತ ಹೆಚ್ಚು ಕೋರ್ ಇರುವ ಚಿಪ್ಪನ್ನು ನಮ್ಮೂರಲ್ಲೇ ಡಿಸೈನ್ ಮಾಡ್ತಾರೆ. ಅದರ ಮೇಲೆ ಓಡುವ ಐದು ಥ್ರೆಡ್ಡನ್ನು ಡಿಬಗ್ ಮಾಡೋಕೆ ನಮಗೆ ಬರಲ್ಲ ಅಂದರೆ ಹೇಗೆ?

ಇನ್ನೊಂದು ಮಾತೂ ಕೇಳಿಬರುತ್ತೆ: "ಎಐಗೆ ಕೋಡ್ ಪೇಸ್ಟ್ ಮಾಡಿದರೆ ಆಯ್ತಲ್ಲ?" ನಾವೂ ಮಾಡಿದ್ವಿ. ಹೊರಗಿನ ಗೇಟಿನ ಕೋಡ್ ಮಾತ್ರ ಕೊಟ್ಟೆವು, ಯಾಕಂದ್ರೆ ಅನುಮಾನ ಇದ್ದದ್ದು ಅಲ್ಲಿ. ಲಾಕ್ ಇಲ್ಲ ಅಂತ ಅದು ಸರಿಯಾಗೇ ಹೇಳಿತು. 52ರ ಗುಟ್ಟು ನನ್ನ ಫೈಲಿನಲ್ಲಿತ್ತು. ಅದನ್ನು ನಾನು ತೋರಿಸಲೇ ಇಲ್ಲ. ನಾವು ಎಲ್ಲಿ ಬೆರಳು ತೋರಿಸ್ತೀವೋ ಅದೂ ಅಲ್ಲೇ ನೋಡುತ್ತೆ. ವಾಚ್‌ಪಾಯಿಂಟ್‌ಗೆ ಆ ದಾಕ್ಷಿಣ್ಯ ಇಲ್ಲ. ಬರೆದವರು ಯಾರೇ ಆಗಲಿ, ಹಿಡಿದು ನಿಲ್ಲಿಸುತ್ತೆ.

ಡೆಮೊ ಚೆನ್ನಾಗಿ ಆಯಿತು. ಅದಕ್ಕಿಂತ ಮೊದಲು ರೂಮ್‌ಮೇಟ್‌ಗೆ ಸಾರಿ ಕೇಳಿ, ಮಸಾಲೆ ದೋಸೆ ಕೊಡಿಸಿದೆ. ಅವನು ತಿಂದು ಮುಗಿಸಿ ಹೇಳಿದ್ದು: "ಇನ್ಮೇಲೆ ಬೈಯೋಕೆ ಮುಂಚೆ ಬ್ಯಾಕ್‌ಟ್ರೇಸ್ ತಗೊಂಡ್ ಬಾ." ಒಪ್ಪಿಕೊಂಡಿದ್ದೀನಿ. ನೀವೂ ಮುಂದಿನ ಪ್ರಾಜೆಕ್ಟ್‌ಗೆ ಇದೇ ರೂಲ್ ಇಟ್ಟುಕೊಳ್ಳಿ.