ಪ್ರೋಟೀನ್‌ಗಳ ನೆಂಟಸ್ತನ ಪತ್ತೆ: ಡೇಟಾಬೇಸ್‌ನಲ್ಲಿ ಭಾರತೀಯರೇ ಇಲ್ಲದಿದ್ದರೆ ಹೇಗೆ?

ನವಿ ಮುಂಬೈ: ಕಳಂಬೋಲಿ ಎಂದರೆ ಉಕ್ಕಿನ ಮಾರುಕಟ್ಟೆ, ಸಾಲುಗಟ್ಟಿದ ಲಾರಿಗಳು. ಅಲ್ಲಿಂದ ಕೆಲವೇ ಕಿ.ಮೀ. ದೂರದ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಸಂಸ್ಥೆಯಲ್ಲಿ ಬೇರೆಯದೇ ಹುಡುಕಾಟ ನಡೆಯುತ್ತದೆ. ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ಓದಿ, ಡೇಟಾಬೇಸ್‌ನಲ್ಲಿರುವ ಮಾಹಿತಿಯೊಂದಿಗೆ ತಾಳೆ ನೋಡುವ ಕೆಲಸವದು.

ತಾಳೆ ನೋಡಿದರೆ ಏನು ಸಿಗುತ್ತದೆ?

ಪ್ರೋಟೀನ್ ಎಂದರೆ 20 ಬಗೆಯ ಅಮೈನೋ ಆಮ್ಲಗಳ ಸರಪಳಿ. ಒಂದೇ ಮೂಲದಿಂದ ಬಂದ ಪ್ರೋಟೀನ್‌ಗಳಲ್ಲಿ ಹೋಲಿಕೆ ಉಳಿದಿರುತ್ತದೆ, ಕೆಲಸವೂ ಹಲವು ಸಲ ಒಂದೇ ಬಗೆಯದು. 1983ರಲ್ಲಿ ಅಮೆರಿಕದ ರಸೆಲ್ ಡೂಲಿಟಲ್ ಹೀಗೆ ಹುಡುಕಿದಾಗ, ಮಂಗಗಳಲ್ಲಿ ಗಡ್ಡೆ ತರುವ ವೈರಸ್‌ನ ಪ್ರೋಟೀನೊಂದು ಮನುಷ್ಯನ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿರುವ ಬೆಳವಣಿಗೆ ಪ್ರೋಟೀನ್‌ಗೆ ಹೊಂದಿಕೆಯಾಯಿತು. ದೇಹದ್ದೇ ಬೆಳವಣಿಗೆ ಸಂಕೇತ ದಾರಿ ತಪ್ಪಿದರೆ ಕ್ಯಾನ್ಸರ್ ಬರಬಹುದು ಎಂಬುದಕ್ಕೆ ಅದು ದೊಡ್ಡ ಸುಳಿವು. 1990ರಲ್ಲಿ ಬಂದ ಬ್ಲಾಸ್ಟ್ ತಂತ್ರಾಂಶ ಈ ಹುಡುಕಾಟವನ್ನು ಕ್ಷಣಗಳ ಕೆಲಸವಾಗಿಸಿತು.

ದೂರದ ನೆಂಟರ ವಿಷಯದಲ್ಲಿ ಮಾತ್ರ ಇದು ಕಷ್ಟ. ಹೋಲಿಕೆ ಶೇ 25ಕ್ಕಿಂತ ಕೆಳಗಿಳಿದರೆ ಬ್ಲಾಸ್ಟ್ ತಡವರಿಸುತ್ತದೆ. ಬೆಂಗಳೂರಿನ ಐಐಎಸ್‌ಸಿಯ ಎನ್. ಶ್ರೀನಿವಾಸನ್ ಮತ್ತು ಎನ್‌ಸಿಬಿಎಸ್‌ನ ಆರ್. ಸೌಧಾಮಿನಿ ಅವರಿದ್ದ ತಂಡ ಕಂಪ್ಯೂಟರ್‌ನಲ್ಲೇ ಕೃತಕ ಪ್ರೋಟೀನ್ ಸರಣಿಗಳನ್ನು ರಚಿಸಿ, ನಡುವಿನ ಕೊಂಡಿಗಳಂತೆ ಡೇಟಾಬೇಸ್‌ಗೆ ಸೇರಿಸಿತು. ಎರಡೂ ಕಡೆಯವರನ್ನು ಬಲ್ಲ ನೆಂಟನೊಬ್ಬ ಸಿಕ್ಕಂತೆ!

ಅಂದರೆ ಹುಡುಕಾಟ ಎಷ್ಟೇ ಚುರುಕಾಗಿದ್ದರೂ ಡೇಟಾಬೇಸ್‌ನಲ್ಲಿ ಇಲ್ಲದ್ದು ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಇದರ ಪರಿಣಾಮ ನೇರ. ಗಡ್ಡೆಯ ಡಿಎನ್‌ಎಯಲ್ಲಿ ಕಂಡ ಬದಲಾವಣೆ ಕ್ಯಾನ್ಸರ್‌ನದೋ, ಹುಟ್ಟಿನಿಂದಲೇ ಬಂದ ನಿರುಪದ್ರವಿ ವ್ಯತ್ಯಾಸವೋ ಎಂದು ತಿಳಿಯಲು ಹೋಲಿಕೆ ಬೇಕು. ಹೋಲಿಸುವ ಮಾಹಿತಿ ಬಹುಪಾಲು ಯುರೋಪಿಯನ್ ಮೂಲದವರದಾದರೆ ಭಾರತೀಯರಲ್ಲಿ ಸಾಮಾನ್ಯವಾದದ್ದೂ ರೋಗದಂತೆ ಕಾಣಬಹುದು. ಹೀಗಾಗಿಯೇ ಆಕ್ಟ್ರೆಕ್ ವಿಜ್ಞಾನಿಗಳು 2016ರಲ್ಲಿ 'ಟಿಎಂಸಿ-ಎಸ್‌ಎನ್‌ಪಿಡಿಬಿ' ಪ್ರಕಟಿಸಿದರು. ಗಡ್ಡೆಯಲ್ಲದ 62 ಮಾದರಿಗಳಿಂದಲೇ ಬೇರೆ ಡೇಟಾಬೇಸ್‌ಗಳಲ್ಲಿಲ್ಲದ 1.14 ಲಕ್ಷ ವ್ಯತ್ಯಾಸಗಳು ಸಿಕ್ಕವು. 62 ಮಂದಿ ಎಂದರೆ ಈ ದೇಶಕ್ಕೆ ಏನೇನೂ ಅಲ್ಲ.

ಆ ಕೊರತೆ ಈಗ ಸ್ವಲ್ಪ ತುಂಬುತ್ತಿದೆ. ಫರೀದಾಬಾದ್‌ನಲ್ಲಿ 2022ರ ನವೆಂಬರ್‌ನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಆರಂಭವಾಯಿತು. 10 ಸಾವಿರ ಭಾರತೀಯರ ಜೀನೋಮ್ ಮಾಹಿತಿಯನ್ನು 2025ರ ಜನವರಿ 9ರಂದು ಅಲ್ಲಿಂದ ಸಂಶೋಧಕರಿಗೆ ತೆರೆಯಲಾಯಿತು. ಆದರೆ ಬ್ಲಾಸ್ಟ್‌ನಂತೆ ಯಾರು ಬೇಕಾದರೂ ತೆರೆದು ನೋಡುವಂತಿಲ್ಲ, ಅನುಮತಿ ಬೇಕು. ವ್ಯಕ್ತಿಗಳ ಖಾಸಗಿತನದ ದೃಷ್ಟಿಯಿಂದ ಅದು ಸರಿಯೇ. ಆ ಅನುಮತಿ ಸಣ್ಣ ಪ್ರಯೋಗಾಲಯಗಳಿಗೂ ಎಷ್ಟು ಬೇಗ ಸಿಗುತ್ತದೆ ಎಂಬುದೇ ಈಗಿನ ಪ್ರಶ್ನೆ.