ದಿನಸಿ ಅಂಗಡಿ ಎಂದರೆ ಯಾವುದು?

ತರಗತಿಯಲ್ಲಿ ಜೀವಿಗಳ ವರ್ಗೀಕರಣದ ಮಾತು ಬಂದಾಗಲೆಲ್ಲ ಮಕ್ಕಳಿಗೆ ನಾನೊಂದು ಪ್ರಶ್ನೆ ಹಾಕುತ್ತೇನೆ: ಟೊಮೇಟೊ ಹಣ್ಣೋ, ತರಕಾರಿಯೋ? ಕೂಡಲೇ ತರಗತಿ ಎರಡು ಪಾಲಾಗುತ್ತದೆ. ಹೂವಿನ ಅಂಡಾಶಯ ಬಲಿತು ಒಳಗೆ ಬೀಜ ಕಟ್ಟಿದ್ದರಿಂದ ಸಸ್ಯಶಾಸ್ತ್ರದ ಪ್ರಕಾರ ಅದು ಹಣ್ಣು. ಸಾರು ಮಾಡುವ ಅಮ್ಮನ ಪಾಲಿಗೆ ತರಕಾರಿ. ಈ ಜಗಳ ಒಮ್ಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1883ರ ಅಲ್ಲಿನ ಸುಂಕದ ಕಾಯಿದೆಯಲ್ಲಿ ಆಮದು ತರಕಾರಿಗೆ ಶೇಕಡಾ 10 ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ಆಮದು ಮಾಡಿದ ವ್ಯಾಪಾರಿ ‘ಇದು ಹಣ್ಣು’ ಎಂದು ವಾದಿಸಿದ. 1893ರಲ್ಲಿ ನ್ಯಾಯಾಲಯ ‘ಸುಂಕದ ಮಟ್ಟಿಗೆ ತರಕಾರಿಯೇ’ ಎಂದು ತೀರ್ಪಿತ್ತಿತು. ಟೊಮೇಟೊ ಬದಲಾಗಲಿಲ್ಲ, ಅದನ್ನು ಹಾಕಿಟ್ಟ ಡಬ್ಬಿ ಬದಲಾಯಿತು. ಡಬ್ಬಿ ಬದಲಾದರೆ ಹಣವೂ ಬದಲಾಗುತ್ತದೆ.

ಈ ಪಾಠವನ್ನು ವರ್ಷಗಟ್ಟಲೆ ಹೇಳಿಕೊಟ್ಟವನು ನಾನೇ ಈಚೆಗೆ ಅದರಲ್ಲಿ ಸೋತೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ನನಗೊಂದು ಕ್ರೆಡಿಟ್ ಕಾರ್ಡ್ ಮಾಡಿಸಿಕೊಟ್ಟ. “ಅಪ್ಪ, ದಿನಸಿಗೆ ಇದನ್ನೇ ಬಳಸಿ, ನೂರಕ್ಕೆ ಐದು ರೂಪಾಯಿ ವಾಪಸ್ ಬರ್ತದೆ” ಎಂದ. ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋದವನು ಅಲ್ಲಿನ ದೊಡ್ಡ ಮಳಿಗೆಯೊಂದರಲ್ಲಿ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ ಎಂದು 3000 ರೂಪಾಯಿಯ ಸಾಮಾನು ಕೊಂಡು, ಎರಡು ಚೀಲ ಹೊತ್ತು ಬಸ್ಸಿನಲ್ಲಿ ಕುಪ್ಪಳ್ಳಿಗೆ ಬಂದೆ. ತಿಂಗಳ ಲೆಕ್ಕದ ಪಟ್ಟಿ ಬಂದಾಗ 150 ರೂಪಾಯಿ ಹುಡುಕಿದೆ. ಅದು ಇರಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ “ಸಾರ್, ಅದು ದಿನಸಿ ಅಂಗಡಿಯಲ್ಲ” ಎಂಬ ಉತ್ತರ ಬಂತು. ನಾನು ಕೊಂಡದ್ದು ದಿನಸಿಯೇ ಎಂದೆ. “ನೀವು ಏನು ಕೊಂಡಿರಿ ಅನ್ನೋದು ನಮಗೆ ಕಾಣೋದಿಲ್ಲ ಸಾರ್” ಎಂದಳು ಹುಡುಗಿ.

ಅವಳು ಹೇಳಿದ್ದು ನಿಜ. ಅಂಗಡಿಯವರು ಕಾರ್ಡ್ ಉಜ್ಜುವ ಯಂತ್ರಕ್ಕೆ ಅರ್ಜಿ ಹಾಕಿದಾಗ, ಅದನ್ನು ಒದಗಿಸುವ ಬ್ಯಾಂಕು ಅವರ ಮುಖ್ಯ ವ್ಯಾಪಾರ ಏನೆಂದು ನೋಡಿ ನಾಲ್ಕು ಅಂಕಿಯ ಒಂದು ಸಂಕೇತ ಕೊಡುತ್ತದೆ. ಇದಕ್ಕೆ ಅಂತರರಾಷ್ಟ್ರೀಯ ಮಾನಕವೇ ಇದೆ. ದಿನಸಿ ಅಂಗಡಿ ಮತ್ತು ಸೂಪರ್ ಮಾರ್ಕೆಟ್ಟಿಗೆ 5411, ಬೇಕರಿಗೆ 5462, ಹೋಟೆಲಿಗೆ 5812, ಔಷಧಿ ಅಂಗಡಿಗೆ 5912. ಬಟ್ಟೆ, ಪಾತ್ರೆ, ಆಟಿಕೆ ಎಲ್ಲವನ್ನೂ ಮಾರುವ ಡಿಪಾರ್ಟ್‌ಮೆಂಟ್ ಸ್ಟೋರಿಗೆ 5311. ನಾವು ಹಣ ಕೊಟ್ಟಾಗ ಕಾರ್ಡಿನ ಬ್ಯಾಂಕಿಗೆ ಹೋಗುವುದು ಅಂಗಡಿಯ ಹೆಸರು, ಮೊತ್ತ, ಈ ಸಂಕೇತ. ಚೀಲದೊಳಗಿನ ಬೇಳೆ ಅದಕ್ಕೆ ಕಾಣುವುದಿಲ್ಲ. 5411 ಇರುವ ಅಂಗಡಿಯಲ್ಲಿ ಪೊರಕೆ ಕೊಂಡರೂ ಅದು ದಿನಸಿ; 5311ರಲ್ಲಿ ಅಕ್ಕಿ ಕೊಂಡರೂ ಅಲ್ಲ!

ಇನ್ನು ಈ ಐದು ರೂಪಾಯಿ ಬರುವುದೆಲ್ಲಿಂದ? ಪ್ರತಿ ವ್ಯವಹಾರಕ್ಕೂ ಅಂಗಡಿಯವರು ಬ್ಯಾಂಕಿಗೆ ಸಣ್ಣ ಶುಲ್ಕ ತೆರುತ್ತಾರೆ. ಅದರ ಒಂದು ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುತ್ತದೆ, ಅದರಲ್ಲಿ ಒಂದಿಷ್ಟು ಬಹುಮಾನವೆಂದು ನಮಗೆ ಬರುತ್ತದೆ. ಉಳಿದದ್ದನ್ನು ಬ್ಯಾಂಕು ವಾರ್ಷಿಕ ಶುಲ್ಕದಿಂದಲೋ, ಬಾಕಿ ಉಳಿಸಿಕೊಂಡವರ ಬಡ್ಡಿಯಿಂದಲೋ ತುಂಬಿಕೊಳ್ಳುತ್ತದೆ. ಶಕ್ತಿಯ ಹಾಗೆ ಹಣವೂ ಶೂನ್ಯದಿಂದ ಹುಟ್ಟುವುದಿಲ್ಲ.

ಮಾರನೆಯ ದಿನ ಊರಿನ ಅಂಗಡಿಗೆ ಹೋದೆ. ಶೆಟ್ಟರ ಮೇಜಿನ ಮೇಲೆ ಕ್ಯೂಆರ್ ಫಲಕವಿತ್ತು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ಒಪ್ಪಿಗೆ ಕೊಟ್ಟದ್ದು ನೆನಪಾಗಿ, ಮೊಬೈಲ್ ಹಿಡಿದೆ. ಹಣ ಹೋಗಲಿಲ್ಲ. ಅದು ಶೆಟ್ಟರ ಸ್ವಂತ ಉಳಿತಾಯ ಖಾತೆಯ ಫಲಕ. ವ್ಯಾಪಾರಿಯೆಂದು ನೋಂದಾಯಿಸಿದ ಫಲಕಕ್ಕೆ ಮಾತ್ರ ಕ್ರೆಡಿಟ್ ಕಾರ್ಡಿನ ಹಣ ಹೋಗುತ್ತದೆ.

“ಹಂಗಾದ್ರೆ ಮೇಷ್ಟ್ರೇ, ನಿಮ್ಮ ಕಾರ್ಡಿಗೆ ನಮ್ಮದು ಅಂಗಡಿನೇ ಅಲ್ವಾ?” ಎಂದು ಶೆಟ್ಟರು ನಕ್ಕರು.

ನನಗೆ ನಗು ಬರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟೂ ಇಲ್ಲದೆ ಮೊಬೈಲ್ ಸತ್ತು ಮಲಗಿದ ದಿನಗಳಲ್ಲಿ ಅಕ್ಕಿ ಕೊಟ್ಟದ್ದು ಇದೇ ಅಂಗಡಿ. ಅಡಿಕೆ ಮಾರಿ ಹಣ ಬರುವವರೆಗೆ ಎಷ್ಟೋ ಮನೆಗಳ ಕಡವನ್ನು ಇವರು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅದೂ ಒಂದು ಕ್ರೆಡಿಟ್ಟೇ, ಆದರೆ ಅದಕ್ಕೆ ಚಕ್ರಬಡ್ಡಿ ಇಲ್ಲ. 150 ರೂಪಾಯಿ ಆಸೆಗೆ ಶಿವಮೊಗ್ಗದಿಂದ ಚೀಲ ಹೊತ್ತು ಬಂದು ಇವರ ಮುಂದೆಯೇ ನಡೆದುಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಬಸ್ ಚಾರ್ಜು, ಕಾಫಿ ತಿಂಡಿ ಕಳೆದರೆ ಬಹುಮಾನ ಸಿಕ್ಕಿದ್ದರೂ ಕೈಯಲ್ಲಿ ಉಳಿಯುತ್ತಿದ್ದುದು ಅಷ್ಟರಲ್ಲೇ ಇತ್ತು.

ಕಾರ್ಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಟ್ಟಣದಲ್ಲಿ ಓದುವ, ದುಡಿಯುವ ಮಕ್ಕಳ ಕೈಗೆ ಇಂದಲ್ಲ ನಾಳೆ ಅದು ಬಂದೇ ಬರುತ್ತದೆ. ಆಗ ಮೂರು ವಿಷಯ ನೆನಪಿರಲಿ. ಮೊದಲನೆಯದು, ನಿಯಮದ ಸಣ್ಣ ಅಕ್ಷರವನ್ನು ಓದಿ. ಯಾವ ಬಗೆಯ ಅಂಗಡಿಗೆ ಬಹುಮಾನ, ತಿಂಗಳಿಗೆ ಮಿತಿ ಎಷ್ಟು, ಯಾವುದಕ್ಕೆ ಇಲ್ಲ ಎಂಬುದು ಅಲ್ಲಿರುತ್ತದೆ. ಎರಡನೆಯದು, ಅನುಮಾನವಿದ್ದರೆ ಪ್ರಯೋಗ ಮಾಡಿ. ಹೊಸ ಅಂಗಡಿಯಲ್ಲಿ ಮೊದಲು ನೂರಿನ್ನೂರು ರೂಪಾಯಿಯದು ಕೊಂಡು, ಬಹುಮಾನ ಬಂತೇ ಎಂದು ತಿಂಗಳ ಪಟ್ಟಿಯಲ್ಲಿ ನೋಡಿ, ಆಮೇಲೆ ಹೆಚ್ಚು ಕೊಳ್ಳಿ. ಬೋರ್ಡು ನೋಡಿ ತೀರ್ಮಾನಿಸಬೇಡಿ. ಮೂರನೆಯದೇ ಮುಖ್ಯ: ಬಾಕಿಯನ್ನು ಗಡುವಿನೊಳಗೆ ಪೂರ್ತಿ ಕಟ್ಟಿ. ‘ಕನಿಷ್ಠ ಮೊತ್ತ’ ಕಟ್ಟಿದರೆ ಸಾಕೆಂಬ ಸಾಲು ಇರುತ್ತದೆ. ಅದನ್ನು ನಂಬಿ ಕೂತರೆ ಉಳಿದದ್ದರ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ.

ಕೊನೆಗೆ ಒಂದು ಲೆಕ್ಕ. ತಿಂಗಳಿಗೆ ಶೇಕಡಾ 3.5 ಬಡ್ಡಿ ಎಂದಿಟ್ಟುಕೊಳ್ಳಿ. 3000 ರೂಪಾಯಿ ಬಾಕಿಗೆ ಒಂದು ತಿಂಗಳ ಬಡ್ಡಿ 105 ರೂಪಾಯಿ, ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 123 ರೂಪಾಯಿ 90 ಪೈಸೆ. ಬಹುಮಾನ 150. ತಡವಾದುದಕ್ಕೆ ದಂಡ ಬಿದ್ದರೆ ಮೊದಲ ತಿಂಗಳಲ್ಲೇ ಬಹುಮಾನ ಕರಗೀತು, ದಂಡವಿಲ್ಲದಿದ್ದರೂ ಎರಡನೆಯ ತಿಂಗಳಲ್ಲಿ ಖಂಡಿತ. ಹಾಗಾದರೆ ಬಡ್ಡಿಯನ್ನು ಪ್ರತಿ ತಿಂಗಳೂ ಅಸಲಿಗೆ ಸೇರಿಸುತ್ತ ಹೋದರೆ 100 ರೂಪಾಯಿ ಸಾಲ ಒಂದು ವರ್ಷದಲ್ಲಿ ಎಷ್ಟಾಗುತ್ತದೆ? ಜಿಎಸ್‌ಟಿ, ದಂಡ ಬಿಟ್ಟು ಲೆಕ್ಕ ಮಾಡಿ. 142 ಎಂದು ಬರೆಯುವವರು ಇನ್ನೊಮ್ಮೆ ಮಾಡಬೇಕು. ಉತ್ತರ 151 ದಾಟುತ್ತದೆ. ಮಕ್ಕಳು ಇದನ್ನು ತಂದೆತಾಯಿಯರ ಎದುರಿನಲ್ಲೇ ಕೂತು ಮಾಡಲಿ.

ಈ ತಿಂಗಳ ದಿನಸಿಯನ್ನು ನಾನು ಶೆಟ್ಟರಲ್ಲಿ ತಂದೆ, ನಗದು ಕೊಟ್ಟು. ಬಹುಮಾನವೆಂದು ಅವರು ಮೊಮ್ಮಗಳಿಗೆ ಎರಡು ಪೆಪ್ಪರ್‌ಮಿಂಟ್ ಕೊಟ್ಟರು. ಸಂಕೇತ ಕೇಳಲಿಲ್ಲ.