ಅಮ್ಮನ ಮನೆಗೆ ರೋಬೋ ತರುವ ಮುನ್ನ

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಅಕ್ಕಪಕ್ಕದ ನಾಲ್ಕಾರು ಕನ್ನಡದ ಮನೆಯವರು ತಿಂಗಳಿಗೊಮ್ಮೆ ಸೇರಿ ಸಿನಿಮಾ ನೋಡುವುದು ರೂಢಿ. ಬಿಸಿಬೇಳೆಬಾತ್ ಒಬ್ಬರದು, ಮೊಸರನ್ನ ಇನ್ನೊಬ್ಬರದು, ಸಿನಿಮಾ ಆಯ್ಕೆ ಮಾತ್ರ ಮಕ್ಕಳದು. ಹೀಗಾಗಿ ಇತ್ತೀಚೆಗೆ ನೋಡಿದ್ದೆಲ್ಲ ರೋಬೋ, ರಾಕೆಟ್, ಕೃತಕ ಬುದ್ಧಿಮತ್ತೆಯ ಕಥೆಗಳೇ. ಹಗಲೆಲ್ಲ ಅದೇ ಕೆಲಸ ಮಾಡಿ ಸಂಬಳ ಎಣಿಸುವ ನಮ್ಮಲ್ಲಿ ಹಲವರು ಮೊದಮೊದಲು ಗೊಣಗಿದ್ದುಂಟು.

ಇಂಥ ಸಿನಿಮಾಗಳು ಭವಿಷ್ಯ ನುಡಿಯುತ್ತವೆ ಎಂಬ ಮಾತನ್ನು ನಾವು ಅಷ್ಟಾಗಿ ಒಪ್ಪುವುದಿಲ್ಲ. 1982ರ 'ಬ್ಲೇಡ್ ರನ್ನರ್' ಕಥೆ ನಡೆಯುವುದು 2019ರ ನವೆಂಬರ್‌ನ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ಕಾರುಗಳು ಆಕಾಶದಲ್ಲಿ ಹಾರುತ್ತವೆ, ಆದರೆ ನಾಯಕ ಫೋನ್ ಮಾಡಲು ಗೋಡೆಗೆ ಹಾಕಿದ ಸಾರ್ವಜನಿಕ ಫೋನಿನ ಹತ್ತಿರ ಹೋಗಬೇಕು. 2019 ಬಂತು, ಹೋಯಿತು. ಫೋನ್ ಎಲ್ಲರ ಜೇಬಿನಲ್ಲಿತ್ತು, ಕಾರು ಎಂದಿನಂತೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತ್ತು.

ಯಂತ್ರಗಳ ವಿಷಯದಲ್ಲಿ ಹೀಗೆ ಎಡವಿದರೂ ಮನುಷ್ಯರ ವಿಷಯದಲ್ಲಿ ಅವು ತಪ್ಪುವುದು ಕಡಿಮೆ. ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರಲ್ಲಿ ತೆಗೆದ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಒಂದು ಪುಟ್ಟ ದೃಶ್ಯವಿದೆ. ಚಂದ್ರನತ್ತ ಹೊರಟ ವಿಜ್ಞಾನಿ ಫ್ಲಾಯ್ಡ್, ದಾರಿಯ ಬಾಹ್ಯಾಕಾಶ ನಿಲ್ದಾಣದಿಂದ ಮನೆಗೆ ವಿಡಿಯೊ ಕಾಲ್ ಮಾಡುತ್ತಾನೆ. ಸಿಗುವವಳು ಪುಟ್ಟ ಮಗಳು. ಮರುದಿನ ಅವಳ ಹುಟ್ಟುಹಬ್ಬ. ಬರಲಾಗುವುದಿಲ್ಲ, ಏನು ಉಡುಗೊರೆ ಬೇಕು ಎಂದು ಅಪ್ಪ ಕೇಳುತ್ತಾನೆ. ಫೋನ್ ಬೇಕು ಎನ್ನುತ್ತಾಳೆ, ಆಮೇಲೆ ಕೋತಿಯಂಥ ಒಂದು ಪುಟ್ಟ ಪ್ರಾಣಿ ಬೇಕು ಎನ್ನುತ್ತಾಳೆ. ಅಪ್ಪನ ಹಿಂದಿನ ಕಿಟಕಿಯಲ್ಲಿ ಭೂಮಿ ಸುತ್ತುತ್ತಿರುತ್ತದೆ. ಕೊನೆಗೆ ತೆರೆಯ ಮೇಲೆ ಬಿಲ್ಲು: 1 ಡಾಲರ್ 70 ಸೆಂಟ್.

ವಿಡಿಯೊ ಕಾಲ್ ಕ್ಯೂಬ್ರಿಕ್ ಕಂಡುಹಿಡಿದದ್ದಲ್ಲ. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲೇ ಬೆಲ್ ಕಂಪನಿಯ 'ಪಿಕ್ಚರ್‌ಫೋನ್' ಪ್ರದರ್ಶನಗೊಂಡಿತ್ತು. ಅವನು ಕಂಡದ್ದು ಬೇರೆ: ಮುಖ ನೋಡುವ ಅನುಕೂಲ ಬಂದ ಮೇಲೆ ಬಾರದೇ ಇರುವುದು ಎಷ್ಟು ಸಲೀಸಾಗುತ್ತದೆ ಎನ್ನುವುದು. ಮಗಳು ಅಳುವುದಿಲ್ಲ, ಅಪ್ಪನೂ ಕೊರಗುವುದಿಲ್ಲ. ಆ ದೃಶ್ಯ ನೋಡುವಾಗ ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಇಲ್ಲಿ ಶನಿವಾರ ರಾತ್ರಿ ಎಂಟೂವರೆ, ಊರಿನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು. ವಾರವಾರವೂ ಅದೇ ದೃಶ್ಯದಲ್ಲಿ ನಟಿಸುವವರು ನಾವು. ಬಿಲ್ಲೂ ಬರುವುದಿಲ್ಲ.

ನಮ್ಮಮ್ಮ ಹಾಸನದಲ್ಲಿ ಒಬ್ಬರೇ ಇದ್ದಾರೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂರು ವಾರ ನಮಗೆ ಗೊತ್ತೇ ಆಗಲಿಲ್ಲ. ಎಡಗೈಯಲ್ಲಿ ಫೋನ್ ಹಿಡಿದು, ಮುಖ ಮಾತ್ರ ಕಾಣುವ ಹಾಗೆ ಮಾತಾಡುತ್ತಿದ್ದರು. ಪಕ್ಕದ ಮನೆಯವರ ಬಾಯಿತಪ್ಪಿ ವಿಷಯ ಹೊರಬಿತ್ತು. ಗಾಬರಿಯಾದ ನಾವು ಮಾಡಿದ್ದೇನು? ಆನ್‌ಲೈನ್‌ನಲ್ಲಿ ಕ್ಯಾಮೆರಾ ತರಿಸಿ, ಪರಿಚಯದ ಎಲೆಕ್ಟ್ರಿಷಿಯನ್ ಕೈಲಿ ಹಾಲ್‌ನಲ್ಲಿ ಹಾಕಿಸಿದೆವು. ನಾಲ್ಕನೇ ದಿನ ಮೊಬೈಲ್ ತೆರೆದರೆ ಬರೀ ಬಿಳಿ. ಅಮ್ಮ ಅದರ ಮೇಲೆ ಟವೆಲ್ ಹೊದಿಸಿದ್ದರು. "ಇದು ನನ್ನನ್ನ ಕಾಯೋಕೆ ಹಾಕ್ಸಿದ್ದೋ, ನಿಮ್ಮ ಸಮಾಧಾನಕ್ಕೆ ಹಾಕ್ಸಿದ್ದೋ?" ಎಂದರು. ಉತ್ತರ ಕೊಡಲಾಗಲಿಲ್ಲ.

ಉತ್ತರದ ಹತ್ತಿರ ಹೋಗಲು ನೆರವಾದದ್ದು 2019ರ ಒಂದು ಮಲಯಾಳಂ ಸಿನಿಮಾ, ರತೀಶ್ ಬಾಲಕೃಷ್ಣನ್ ಪೊದುವಾಳ್ ನಿರ್ದೇಶನದ 'ಆಂಡ್ರಾಯ್ಡ್ ಕುಂಞಪ್ಪನ್ ವರ್ಷನ್ 5.25'. ಪಯ್ಯನ್ನೂರಿನ ಕಡೆಯ ಹಳ್ಳಿಯಲ್ಲಿ ಹಟಮಾರಿ ಮುದುಕ ಭಾಸ್ಕರನ್. ಮಗನಿಗೆ ರಷ್ಯಾದಲ್ಲಿ ಜಪಾನಿ ಕಂಪನಿಯ ಕೆಲಸ. ಅಪ್ಪನ ಆರೈಕೆಗೆಂದು ಅವನು ಮನೆಗೆ ರೋಬೋ ತರುತ್ತಾನೆ. ಮೊದಲು ಮುಖ ಸಿಂಡರಿಸುವ ಮುದುಕ ಬರಬರುತ್ತ ಅದಕ್ಕೆ ಬಟ್ಟೆ ತೊಡಿಸಿ, ಮಗನಂತೆ ಹಚ್ಚಿಕೊಳ್ಳುತ್ತಾನೆ. ಭಾಸ್ಕರನ್ ಆಗಿ ಸೂರಜ್ ವೆಂಞಾರಮೂಡು ಅವರ ನಟನೆ ನೋಡಲೇಬೇಕಾದದ್ದು.

ನಮಗೆ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಯಂತ್ರ ಕೆಟ್ಟದ್ದು, ಮಗ ಕಟುಕ ಎಂದು ಅದು ಸುಲಭದ ತೀರ್ಪು ಕೊಡುವುದಿಲ್ಲ. ರೋಬೋ ಬಂದ ಮೇಲೆ ಭಾಸ್ಕರನ್ ನಿಜಕ್ಕೂ ಖುಷಿಯಾಗಿರುತ್ತಾನೆ. ಕಷ್ಟ ಶುರುವಾಗುವುದೇ ಅಲ್ಲಿಂದ. ತಾನು ಖಾಲಿ ಬಿಟ್ಟ ಜಾಗ ಚೆನ್ನಾಗಿ ತುಂಬಿಬಿಟ್ಟರೆ ಮಗನಾದವನು ಏನು ಮಾಡಬೇಕು? ಈ ಪ್ರಶ್ನೆ ಯಾವ ಕಂಪನಿಯ ಜಾಹೀರಾತಿನಲ್ಲೂ ಇರುವುದಿಲ್ಲ. ಇದು ದೂರದ ಮಾತೂ ಅಲ್ಲ. ಸೀಲ್ ಮರಿಯಂತಿರುವ ಜಪಾನಿನ 'ಪಾರೋ' ರೋಬೋವನ್ನು ಮರೆವಿನ ಕಾಯಿಲೆಯ ಹಿರಿಯರ ಮಡಿಲಿಗೆ ಕೊಡುವುದು ಆಗಲೇ ಬಳಕೆಗೆ ಬಂದಿದೆ. ಮುಂದಿನ ಮಾದರಿಗೆ ಕೋಡ್ ಬರೆಯುವವರಲ್ಲಿ ನಮ್ಮವರೂ ಇರುತ್ತಾರೆ. ಅದನ್ನು ಕೊಂಡು ಊರಿಗೆ ಕಳಿಸುವವರೂ ನಾವೇ.

ಕನ್ನಡದಲ್ಲಿ 2002ರಲ್ಲೇ ಉಪೇಂದ್ರ 'ಹಾಲಿವುಡ್' ಚಿತ್ರದಲ್ಲಿ ರೋಬೋ ಆಗಿದ್ದರು. ಅದು ಪ್ರೇಮದ ಕಥೆ. ಬಾಗಿಲು ಹಾಕಿದ ದೊಡ್ಡ ಮನೆ, ಒಳಗೊಬ್ಬರೇ ಹಿರಿಯರು, ಅಮೆರಿಕದಲ್ಲಿ ಮಕ್ಕಳು — ಈ ಸಾಮಗ್ರಿ ಮೈಸೂರಿನಲ್ಲೂ ಮಂಗಳೂರಿನಲ್ಲೂ ಬೇಕಾದಷ್ಟಿದೆ. ಯಾರಾದರೂ ಸಿನಿಮಾ ಮಾಡಿದರೆ ಇಲ್ಲಿ ಮೊದಲ ಟಿಕೆಟ್ ನಮ್ಮದು.

ಅಲ್ಲಿಯವರೆಗೆ ಇಲ್ಲಿನ ಕನ್ನಡ ಸಂಘಗಳಿಗೆ ಒಂದು ಕೋರಿಕೆ. ಬೇಸಿಗೆಯಲ್ಲಿ ವಿಸಿಟರ್ ವೀಸಾದ ಮೇಲೆ ಅಪ್ಪ-ಅಮ್ಮಂದಿರು ಬಂದಿರುತ್ತಾರಲ್ಲ, ಆಗ ಇಂಥ ಸಿನಿಮಾ ಒಂದನ್ನು ಮೂರೂ ತಲೆಮಾರು ಒಟ್ಟಿಗೆ ನೋಡುವಂತೆ ಮಾಡಿ. ಸಬ್‌ಟೈಟಲ್ ಓದಲಾಗದ ಅಜ್ಜ-ಅಜ್ಜಿಗೆ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಲಿ, ಅವರ ಕನ್ನಡಕ್ಕೂ ಒಳ್ಳೆಯದು. ಸಿನಿಮಾ ಮುಗಿದ ಮೇಲೆ ಮೈಕು ಮೊದಲು ಹಿರಿಯರ ಕೈಗೆ ಹೋಗಲಿ. ಮನೆಗೆ ಎಂಥ ಯಂತ್ರ ಬಂದರೆ ಸೈ, ಎಂಥದ್ದು ಬೇಡ ಎಂದು ಅವರೇ ಹೇಳಲಿ. ನಾವಂತೂ ಕ್ಯಾಮೆರಾ ಹಾಕಿಸುವಾಗ ಕೇಳಿರಲಿಲ್ಲ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಕೇಳಿದೆವು. ಅಮ್ಮ ಸ್ವಲ್ಪ ಯೋಚಿಸಿ, ಅದನ್ನು ಹಾಲ್‌ನಿಂದ ತೆಗೆಸಿ ಗೇಟಿನ ಕಡೆಗೆ ಹಾಕಿಸಿದರು. ಈಗ ಹಾಲಿನವನು ಬಂದದ್ದು, ಹೂವಿನವಳು ಬಂದದ್ದು, ಬೆಳಿಗ್ಗೆ ಅಮ್ಮ ರಂಗೋಲಿ ಹಾಕಿದ್ದು ನಮಗೂ ಕಾಣುತ್ತದೆ. ರಂಗೋಲಿ ಇಲ್ಲದ ದಿನ ನಾವು ಫೋನ್ ಮಾಡುತ್ತೇವೆ.